ಹವಾನಿಯಂತ್ರಕ: ದುರಸ್ತಿಯೋ, ಹೊಸತೋ? ಪುತ್ತೂರು, ಸುಳ್ಯ, ಕಡಬದ ವರ್ತಕರಿಗೊಂದು ಲೆಕ್ಕಾಚಾರ

ದಕ್ಷಿಣ ಕನ್ನಡ ಜಿಲ್ಲೆಯ ಒಳನಾಡಿನಲ್ಲಿ ಹವಾನಿಯಂತ್ರಕವು ಹಿಂದೊಮ್ಮೆ ಬ್ಯಾಂಕಿನ ಗಣಕಯಂತ್ರದ ಕೊಠಡಿಗೆ, ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಗೆ ಸೀಮಿತವಾಗಿದ್ದ ಸಾಧನ. ಕೆಂಪುಕಲ್ಲಿನ ದಪ್ಪ ಗೋಡೆ, ಎತ್ತರದ ಹಂಚಿನ ಮಾಡು, ಸುತ್ತ ಅಡಿಕೆ ತೋಟದ ನೆರಳು ಇದ್ದ ಕಟ್ಟಡಗಳಿಗೆ ಅದರ ಅಗತ್ಯ ಅಷ್ಟಾಗಿ ಇರಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ಹಂಚಿನ ಮಾಡು ಈ ಭಾಗದ ಮನೆ, ಅಂಗಡಿಗಳ ಸಾಮಾನ್ಯ ಲಕ್ಷಣವಾಯಿತು. ಇಂದು ಅದರ ಸ್ಥಾನದಲ್ಲಿ ಕಾಂಕ್ರೀಟ್ ತಾರಸಿ ಬಂದಿದೆ, ಅಂಗಡಿಯ ಎದುರು ಗಾಜಿನ ಬಾಗಿಲು ಬಂದಿದೆ. ಪುತ್ತೂರಿನ ಜವಳಿ ಹಾಗೂ ಚಿನ್ನಾಭರಣ ಮಳಿಗೆ, ಸುಳ್ಯದ ಔಷಧಿ ಅಂಗಡಿ ಮತ್ತು ಚಿಕಿತ್ಸಾಲಯ, ಕಡಬ ತಾಲೂಕಿಗೆ ಸೇರಿದ ಸುಬ್ರಹ್ಮಣ್ಯದ ವಸತಿಗೃಹಗಳಲ್ಲಿ ಏ.ಸಿ. ಈಗ ವ್ಯವಹಾರದ ಆವಶ್ಯಕತೆಯಾಗಿದೆ. ತಂಪು ಕೆಲವು ಉದ್ಯಮಗಳಿಗೆ ಉತ್ಪಾದನೆಯ ಭಾಗವೇ ಆಗಿರುತ್ತದೆ ಎಂಬುದಕ್ಕೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೋ ಸಂಸ್ಥೆ ಸ್ಥಾಪಿಸಿದ ಚಾಕೊಲೇಟ್ ಕಾರ್ಖಾನೆಯೇ ಹತ್ತಿರದ ಉದಾಹರಣೆ.

ಆದರೆ ಈ ಯಂತ್ರಗಳು ಹೆಚ್ಚಾಗಿ ಕೈಕೊಡುವುದು ಅವುಗಳ ಅಗತ್ಯ ಅತಿಯಾಗಿರುವ ಸಮಯದಲ್ಲಿಯೇ. ಮಾರ್ಚ್‌ನಿಂದ ಪತ್ತನಾಜೆಯವರೆಗೆ, ವಿಶೇಷವಾಗಿ ಪುತ್ತೂರು ಜಾತ್ರೆ ಹಾಗೂ ಮದುವೆ ಖರೀದಿಯ ಏಪ್ರಿಲ್ ತಿಂಗಳಿನಲ್ಲಿ, ದುರಸ್ತಿಗಾರರಿಗೆ ಬಿಡುವಿರುವುದಿಲ್ಲ. ಆಗ ಮಾಲೀಕರು ಸೆಕೆಯ ಒತ್ತಡದಲ್ಲಿ ಅವಸರದ ತೀರ್ಮಾನ ಕೈಗೊಳ್ಳುತ್ತಾರೆ. ಕೆಲವರು ದುರಸ್ತಿಯಾಗಬಲ್ಲ ಯಂತ್ರವನ್ನು ಗುಜರಿಗೆ ಹಾಕಿ ಹೊಸತನ್ನು ತರುತ್ತಾರೆ. ಇನ್ನು ಕೆಲವರು ಬದಲಾಯಿಸಲೇಬೇಕಾದ ಯಂತ್ರಕ್ಕೆ ವರ್ಷ ವರ್ಷವೂ ಹಣ ಸುರಿಯುತ್ತಾರೆ. ಎರಡೂ ನಷ್ಟವೇ. ಬಳಕೆಯ ಗಂಟೆ, ವಿದ್ಯುತ್ ವೆಚ್ಚ ಮತ್ತು ತೆರಿಗೆಯ ಸ್ಥಿತಿ ಎಂಬ ಮೂರು ಅಂಶಗಳನ್ನು ಕಾಗದದ ಮೇಲೆ ಇಳಿಸಿದರೆ ಸರಿಯಾದ ಉತ್ತರ ತಾನಾಗಿಯೇ ದೊರೆಯುತ್ತದೆ.

ಗ್ಯಾಸ್ ಖರ್ಚಾಗುವ ವಸ್ತುವಲ್ಲ

ಲೆಕ್ಕಕ್ಕೆ ಮೊದಲು ಯಂತ್ರದ ಕಾರ್ಯವಿಧಾನದ ಒಂದು ಅಂಶವನ್ನು ತಿಳಿಯುವುದು ಒಳಿತು. ಏ.ಸಿ.ಯೊಳಗಿನ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಾ ಕೋಣೆಯ ಶಾಖವನ್ನು ಹೀರಿ ಹೊರಗಿನ ಘಟಕದ ಮೂಲಕ ಬಿಡುತ್ತದೆ. ಆದುದರಿಂದ “ಗ್ಯಾಸ್ ಮುಗಿದಿದೆ” ಎಂದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಸೋರಿಕೆಯನ್ನು ಪತ್ತೆ ಮಾಡದೆ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿಸುವುದು ತೂತಾದ ಕೊಡಕ್ಕೆ ನೀರು ಹೊಯ್ದಂತೆ. ಕ್ರಮಬದ್ಧ ದುರಸ್ತಿಯಲ್ಲಿ ಸಾರಜನಕದ ಒತ್ತಡದಿಂದ ಸೋರಿಕೆಯ ಜಾಗವನ್ನು ಹುಡುಕಿ ಬೆಸೆಯಲಾಗುತ್ತದೆ. ಬಳಿಕ ನಿರ್ವಾತ ಪಂಪಿನಿಂದ ಕೊಳವೆಯೊಳಗಿನ ಗಾಳಿ ಹಾಗೂ ತೇವವನ್ನು ತೆಗೆದು, ಯಂತ್ರದ ಫಲಕದಲ್ಲಿ ನಮೂದಿಸಿರುವಷ್ಟೇ ಗ್ರಾಂ ಗ್ಯಾಸನ್ನು ತೂಗಿ ತುಂಬಲಾಗುತ್ತದೆ. ಬಿಲ್ಲಿನಲ್ಲಿ ಗ್ಯಾಸಿನ ಹೆಸರು, ತೂಕ ಹಾಗೂ ಸೋರಿಕೆಯ ಜಾಗ ದಾಖಲಾಗಿರುವಂತೆ ನೋಡಿಕೊಳ್ಳುವುದು ಗ್ರಾಹಕನ ಹಕ್ಕು ಮಾತ್ರವಲ್ಲ, ಮುಂದಿನ ವರ್ಷದ ತೀರ್ಮಾನಕ್ಕೆ ಆಧಾರವೂ ಹೌದು.

ಗ್ಯಾಸಿನ ಹೆಸರಿಗೆ ಇನ್ನೊಂದು ಮಹತ್ವವಿದೆ. ಹಳೆಯ ಯಂತ್ರಗಳಲ್ಲಿರುವ ಆರ್-22 ಓಝೋನ್ ಪದರಕ್ಕೆ ಹಾನಿಕರ. ಮಾಂಟ್ರಿಯಲ್ ಒಪ್ಪಂದದ ಅನ್ವಯ 2025ರ ಜನವರಿ 1ರಿಂದ ಈ ಗ್ಯಾಸನ್ನು ಬಳಸುವ ಹೊಸ ಯಂತ್ರಗಳ ತಯಾರಿಕೆ ಭಾರತದಲ್ಲಿ ನಿಷಿದ್ಧವಾಗಿದೆ. ಹಳೆಯ ಯಂತ್ರಗಳ ದುರಸ್ತಿಗೆ ಅದು ದೊರೆಯುತ್ತದೆಯಾದರೂ ಪ್ರಮಾಣ ಹಂತ ಹಂತವಾಗಿ ಇಳಿಯಲಿದೆ. 2030ರ ನಂತರ ಅತ್ಯಲ್ಪ ಪ್ರಮಾಣ ಮಾತ್ರ, ಅದೂ ದುರಸ್ತಿಗಷ್ಟೇ ಉಳಿಯಲಿದೆ. ಪೂರೈಕೆ ಕುಗ್ಗಿದಂತೆ ಬೆಲೆ ಏರುವುದು ವರ್ತಕರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಈಗಿನ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಆರ್-32ನ್ನು ಹಳೆಯ ಆರ್-22 ಯಂತ್ರಕ್ಕೆ ತುಂಬಿಸುವಂತಿಲ್ಲ. ಅದರ ಒತ್ತಡ ಹೆಚ್ಚು, ಬಳಸುವ ಎಣ್ಣೆ ಬೇರೆ, ಜೊತೆಗೆ ಅದಕ್ಕೆ ಅಲ್ಪ ಪ್ರಮಾಣದ ದಹನಶೀಲ ಗುಣವೂ ಇದೆ.

ಒಂದೇ ಯಂತ್ರ, ಎರಡು ಉತ್ತರ

ಈಗ ಲೆಕ್ಕಕ್ಕೆ ಬರೋಣ. ಹನ್ನೆರಡು ವರ್ಷ ಹಳೆಯ, ಒಂದೂವರೆ ಟನ್ನಿನ ಯಂತ್ರವೊಂದರ ಕಂಪ್ರೆಸರ್ ಹಾಳಾಗಿದೆ ಎಂದಿಟ್ಟುಕೊಳ್ಳೋಣ. ಕಂಪ್ರೆಸರ್, ಗ್ಯಾಸ್ ಹಾಗೂ ಕೂಲಿ ಸೇರಿ ದುರಸ್ತಿಗೆ ರೂ. 15,000. ತೆರಿಗೆ ಸಹಿತ ಹೊಸ ಯಂತ್ರಕ್ಕೆ ರೂ. 40,000. ವರ್ಷಕ್ಕೆ 1,600 ಗಂಟೆ ಓಡಿದರೆ ಹಳೆಯದಕ್ಕೆ 1,500 ಯೂನಿಟ್, ಹೊಸದಕ್ಕೆ 1,000 ಯೂನಿಟ್ ವಿದ್ಯುತ್ ಬೇಕು. ಯೂನಿಟ್ಟಿಗೆ ಸರಾಸರಿ ರೂ. 8. ಈ ಅಂಕಿಗಳು ಉದಾಹರಣೆಗೆ ಮಾತ್ರ. ಪ್ರತಿಯೊಬ್ಬರೂ ತಮ್ಮ ಬಿಲ್ಲಿನ ಅಂಕಿಗಳನ್ನು ಇಲ್ಲಿ ಹಾಕಿಕೊಳ್ಳಬೇಕು.

ಜವಳಿ ಅಂಗಡಿ: ದಿನಕ್ಕೆ 8 ಗಂಟೆಯಂತೆ 200 ದಿನ, ಅಂದರೆ 1,600 ಗಂಟೆ. ಹೊಸ ಯಂತ್ರದಿಂದ ಉಳಿಯುವ ವಿದ್ಯುತ್ 500 ಯೂನಿಟ್, ಹಣ ರೂ. 4,000. ಅಂಗಡಿ ಜಿ.ಎಸ್.ಟಿ. ನೋಂದಾಯಿತವಾಗಿದ್ದರೆ ರೂ. 40,000ದಲ್ಲಿ ಅಡಗಿರುವ ಶೇ. 18ರ ತೆರಿಗೆ ರೂ. 6,102 ಜಮೆಯಾಗಿ ಮರಳುತ್ತದೆ. ನಿವ್ವಳ ವೆಚ್ಚ ರೂ. 33,898. ನೋಂದಣಿಯಿಲ್ಲದ ಮೆಕ್ಯಾನಿಕ್ ದುರಸ್ತಿ ಮಾಡಿದರೆ ಅಲ್ಲಿ ಜಮೆಯಿಲ್ಲ, ವೆಚ್ಚ ಪೂರ್ತಿ ರೂ. 15,000. ವ್ಯತ್ಯಾಸವಾದ ರೂ. 18,898 ಐದು ವರ್ಷದೊಳಗೆ ವಿದ್ಯುತ್ ಉಳಿತಾಯದಲ್ಲಿಯೇ ಹಿಂದಿರುಗುತ್ತದೆ. ಹನ್ನೆರಡು ವರ್ಷದ ಯಂತ್ರದ ಉಳಿದ ಭಾಗಗಳು ಅಷ್ಟು ಕಾಲ ಬಾಳುವ ಭರವಸೆ ಇಲ್ಲ. ಆದುದರಿಂದ ಇಲ್ಲಿ ಹೊಸತೇ ಲೇಸು.

ಮನೆ: ಬೇಸಿಗೆಯ 90 ರಾತ್ರಿ, ತಲಾ 4 ಗಂಟೆ, ಒಟ್ಟು 360 ಗಂಟೆ. ಉಳಿತಾಯ ಸುಮಾರು 112 ಯೂನಿಟ್, ಅಂದರೆ ರೂ. 900. ಮನೆಗೆ ತೆರಿಗೆ ಜಮೆಯೂ ಇಲ್ಲ. ಹೆಚ್ಚುವರಿ ರೂ. 25,000 ಮರಳಲು 27 ವರ್ಷಕ್ಕೂ ಅಧಿಕ ಕಾಲ ಬೇಕು. ಇಲ್ಲಿ ದುರಸ್ತಿಯೇ ಲೇಸು.

ಅದೇ ಅಂಗಡಿಯವರು ಬೇಸಿಗೆಯ ಮೂರು ತಿಂಗಳು ಮಾತ್ರ ಏ.ಸಿ. ಹಾಕುವವರಾದರೆ 720 ಗಂಟೆಗೆ ಉಳಿತಾಯ ರೂ. 1,800 ಮಾತ್ರ. ಹಣ ಮರಳಲು ಹತ್ತು ವರ್ಷ ದಾಟುತ್ತದೆ, ದುರಸ್ತಿಯ ಪಕ್ಷ ಮತ್ತೆ ಬಲವಾಗುತ್ತದೆ. ನಿರ್ಣಾಯಕ ಅಂಶ ಯಂತ್ರದ ವಯಸ್ಸಿಗಿಂತಲೂ ಬಳಕೆಯ ಗಂಟೆ ಎಂಬುದು ಇದರಿಂದ ಸ್ಪಷ್ಟ. ಕೆಪಾಸಿಟರ್, ಫ್ಯಾನ್ ಮೋಟಾರ್‌ನಂತಹ ಸಣ್ಣ ಭಾಗ ಕೆಟ್ಟಾಗ ಇಷ್ಟೊಂದು ಲೆಕ್ಕವೂ ಬೇಡ, ದುರಸ್ತಿ ಮಾಡಿಸಿದರಾಯಿತು.

ನಕ್ಷತ್ರ ಪಟ್ಟಿಯ ವಿಚಾರದಲ್ಲಿಯೂ ಇದೇ ವಿವೇಕ ಅಗತ್ಯ. ಇಂಧನ ದಕ್ಷತಾ ಬ್ಯೂರೋದ ಪಟ್ಟಿಯಲ್ಲಿ ನಮೂದಾಗುವ ವಾರ್ಷಿಕ ಬಳಕೆ 1,600 ಗಂಟೆಯ ಲೆಕ್ಕದ್ದು. ಮೂರು ನಕ್ಷತ್ರದ ಯಂತ್ರಕ್ಕಿಂತ ಐದು ನಕ್ಷತ್ರದ್ದು 250 ಯೂನಿಟ್ ಉಳಿಸುತ್ತದೆ, ಬೆಲೆ ರೂ. 10,000 ಹೆಚ್ಚು ಎಂದಾದರೆ, ಮೇಲಿನ ಅಂಗಡಿಗೆ ಅದು ಐದು ವರ್ಷದಲ್ಲಿ ಮರಳುತ್ತದೆ. ಮನೆಗೆ 22 ವರ್ಷ ಬೇಕು. ನಕ್ಷತ್ರದ ಮಾನದಂಡವನ್ನು ಕಾಲಕಾಲಕ್ಕೆ ಬಿಗಿಗೊಳಿಸಲಾಗುವುದರಿಂದ ಗೋದಾಮಿನಲ್ಲಿ ಉಳಿದ ಹಳೆಯ ಐದು ನಕ್ಷತ್ರ ಇಂದಿನ ಐದು ನಕ್ಷತ್ರಕ್ಕೆ ಸಮವಲ್ಲ. ಪಟ್ಟಿಯ ಮೇಲಿನ ವರ್ಷವನ್ನೂ ಗಮನಿಸಬೇಕು.

ಮನೆಯವರಿಗೆ ಮತ್ತೊಂದು ಎಚ್ಚರಿಕೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಗ್ರಾಹಕರೇ ಭರಿಸಬೇಕು. ಬೇಸಿಗೆಯಲ್ಲಿ ಏ.ಸಿ.ಯ ನಿಜವಾದ ವೆಚ್ಚ ಅದು ಎಳೆದ ಯೂನಿಟ್ಟಿಗಷ್ಟೇ ಸೀಮಿತವಲ್ಲ, ಕೈತಪ್ಪಿದ ಸೌಲಭ್ಯವೂ ಅದರಲ್ಲಿ ಸೇರುತ್ತದೆ. ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಬ್ಯೂರೋದ ಅಂದಾಜು. 2020ರ ಜನವರಿಯಿಂದ ಹೊಸ ಯಂತ್ರಗಳು 24 ಡಿಗ್ರಿಗೆ ಹೊಂದಿಸಿಯೇ ಬರುತ್ತಿರುವುದು ಈ ಕಾರಣದಿಂದ.

ಜಿ.ಎಸ್.ಟಿ.: ಯಾರಿಗೆ ಜಮೆ, ಯಾರಿಗಿಲ್ಲ

2017ರ ಜುಲೈಯಿಂದ ಏ.ಸಿ. ಮೇಲೆ ಇದ್ದ ಶೇ. 28ರ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿಸಲಾಯಿತು. ದುರಸ್ತಿ ಸೇವೆಗೂ ಶೇ. 18 ತೆರಿಗೆಯಿದೆ. ವ್ಯವಹಾರದ ಸ್ಥಳದಲ್ಲಿ ಅಳವಡಿಸಿದ, ಕಳಚಿ ಸಾಗಿಸಬಹುದಾದ ಏ.ಸಿ. ಮೇಲಿನ ಹೂಡುವಳಿ ತೆರಿಗೆ ಜಮೆಯನ್ನು ಸಾಮಾನ್ಯ ನೋಂದಾಯಿತ ವರ್ತಕ ಹಾಗೂ ತಯಾರಕರು ಪಡೆಯಬಹುದು. ಕಟ್ಟಡದ ಭಾಗವಾಗಿಯೇ ಕೂರಿಸುವ ಕೇಂದ್ರೀಕೃತ ವ್ಯವಸ್ಥೆಯ ವಿಚಾರದಲ್ಲಿ ಜಮೆ ನಿರಾಕರಿಸಿದ ಮುಂಗಡ ನಿರ್ಣಯಗಳಿವೆ. ಅಂತಹ ಹೂಡಿಕೆಗೆ ಮುನ್ನ ಸಲಹೆ ಪಡೆಯುವುದು ಕ್ಷೇಮ.

ಜಮೆ ಎಲ್ಲರಿಗೂ ಇಲ್ಲ. ರಾಜಿ ತೆರಿಗೆ, ಅಂದರೆ ಕಾಂಪೋಸಿಷನ್ ಪದ್ಧತಿಯಲ್ಲಿರುವವರಿಗೆ ಇಲ್ಲ. ಚಿಕಿತ್ಸಾಲಯ, ಶಾಲೆಗಳಂತಹ ತೆರಿಗೆ ವಿನಾಯಿತಿಯ ಸೇವೆಗಳಿಗೆ ಇಲ್ಲ. ಶೇ. 5ರ ದರದಲ್ಲಿರುವ ಹೋಟೆಲುಗಳಿಗೆ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ರೂ. 7,500ರವರೆಗಿನ ಬಾಡಿಗೆಯ ಕೊಠಡಿಗಳಿಗೆ ಶೇ. 5 ತೆರಿಗೆ, ಆದರೆ ಜಮೆಯಿಲ್ಲ ಎಂಬ ನಿಯಮ ಬಂದಿರುವುದರಿಂದ ಸುಬ್ರಹ್ಮಣ್ಯದ ವಸತಿಗೃಹಗಳವರೂ ಈ ಸಾಲಿಗೆ ಸೇರುತ್ತಾರೆ. ಅವರ ಪಾಲಿಗೆ ರೂ. 40,000 ಎಂದರೆ ಪೂರ್ತಿ ರೂ. 40,000. ಮೇಲಿನ ಲೆಕ್ಕದಲ್ಲಿ ಹಣ ಮರಳುವ ಅವಧಿ ಐದು ವರ್ಷದ ಬದಲು ಆರು ವರ್ಷ ದಾಟುತ್ತದೆ.

ಜಮೆ ಪಡೆಯುವವರು ಗಮನಿಸಬೇಕಾದ ಅಂಶಗಳು ಹೀಗಿವೆ:

1. ಬಿಲ್ಲಿನಲ್ಲಿ ತಮ್ಮ ಜಿ.ಎಸ್.ಟಿ. ಸಂಖ್ಯೆ ಇರಬೇಕು, ಅದು ಜಿ.ಎಸ್.ಟಿ.ಆರ್.-2ಬಿ ಪಟ್ಟಿಯಲ್ಲಿ ಕಾಣಿಸಬೇಕು.
2. ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಹಣ ಪಾವತಿಯಾಗಬೇಕು.
3. ಆರ್ಥಿಕ ವರ್ಷದ ಬಿಲ್ಲಿನ ಜಮೆಯನ್ನು ಮುಂದಿನ ನವೆಂಬರ್ 30 ಅಥವಾ ವಾರ್ಷಿಕ ವಿವರಣೆ ಸಲ್ಲಿಕೆ, ಯಾವುದು ಮೊದಲೋ ಅದರೊಳಗೆ ಪಡೆಯಬೇಕು.
4. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿ ಕೇಳುವಂತಿಲ್ಲ.
5. ಹಳೆಯ ಯಂತ್ರವನ್ನು ವಿನಿಮಯಕ್ಕೆ ಕೊಟ್ಟಾಗ ಹೊಸದರ ಪೂರ್ತಿ ಮೌಲ್ಯದ ಮೇಲೆಯೇ ತೆರಿಗೆ ಲೆಕ್ಕವಾಗುತ್ತದೆ, ವಿನಿಮಯದ ಮೊತ್ತ ಕಳೆದ ಬಳಿಕದ ಮೊತ್ತದ ಮೇಲಲ್ಲ.

ಗಡಿಭಾಗದವರಿಗೆ ಇನ್ನೊಂದು ಮಾತು. ಜಾಲ್ಸೂರಿನಿಂದ ಮುಳ್ಳೇರಿಯ ಮಾರ್ಗವಾಗಿ ಕಾಸರಗೋಡಿಗೆ ಹೋಗಿ ಖರೀದಿಸುವ ಸುಳ್ಯದ ವರ್ತಕರು, ಬಿಲ್ಲಿನಲ್ಲಿ ತಮ್ಮ ಕರ್ನಾಟಕದ ನೋಂದಣಿ ಸಂಖ್ಯೆ ಹಾಗೂ ಐ.ಜಿ.ಎಸ್.ಟಿ. ಇರುವಂತೆ ನೋಡಿಕೊಳ್ಳಬೇಕು. ಕೇರಳದ ರಾಜ್ಯ ತೆರಿಗೆ ವಿಧಿಸಿದ ಬಿಲ್ಲಿನಿಂದ ಕರ್ನಾಟಕದಲ್ಲಿ ಜಮೆ ದೊರೆಯುವುದಿಲ್ಲ. ಬೆಲೆಯಲ್ಲಿ ಸಾವಿರ ರೂಪಾಯಿ ಉಳಿಸಲು ಹೋಗಿ ಆರು ಸಾವಿರ ಕಳೆದುಕೊಂಡಂತಾದೀತು.

ಆದಾಯ ತೆರಿಗೆಯ ದೃಷ್ಟಿಯಲ್ಲಿ

ಕಂಪ್ರೆಸರ್ ಬದಲಾವಣೆಯೂ ಸೇರಿದಂತೆ, ಇರುವ ಯಂತ್ರವನ್ನು ಸುಸ್ಥಿತಿಗೆ ತರುವ ಖರ್ಚು ಸಾಮಾನ್ಯವಾಗಿ ರಾಜಸ್ವ ವೆಚ್ಚವಾಗಿದ್ದು ಅದೇ ವರ್ಷ ಪೂರ್ತಿ ಕಳೆಯಲು ಬರುತ್ತದೆ. ಹೊಸ ಯಂತ್ರ ಬಂಡವಾಳ ವೆಚ್ಚ. ಅದರ ಮೇಲೆ ಇಳಿಕೆಯ ಕ್ರಮದಲ್ಲಿ ವರ್ಷಕ್ಕೆ ಶೇ. 15ರ ಸವಕಳಿ, ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರರ್ಧ ದೊರೆಯುತ್ತದೆ. ಮಾರ್ಚ್ ಕೊನೆಯಲ್ಲಿ ಖರೀದಿಸಿದರೂ, ಅಳವಡಿಸಿ ಚಾಲೂ ಮಾಡಿದ್ದರೆ ಮಾತ್ರ ಆ ವರ್ಷದ ಸವಕಳಿ. ವಹಿವಾಟಿನ ಶೇ. 6 ಅಥವಾ ಶೇ. 8ನ್ನು ಲಾಭವೆಂದು ಘೋಷಿಸುವ ಅಂದಾಜು ಪದ್ಧತಿಯವರಿಗೆ ಈ ಎರಡೂ ಪ್ರತ್ಯೇಕವಾಗಿ ದೊರೆಯುವುದಿಲ್ಲ.

ಒಬ್ಬರಿಗೆ ಒಂದು ದಿನದಲ್ಲಿ ರೂ. 10,000 ಮೀರಿ ನಗದು ಪಾವತಿಸಿದರೆ ಆ ದುರಸ್ತಿ ವೆಚ್ಚಕ್ಕೆ ಮಾನ್ಯತೆ ಇಲ್ಲ. ಯಂತ್ರದ ಖರೀದಿಯಾದರೆ ಆ ಮೊತ್ತ ಸವಕಳಿಯ ಲೆಕ್ಕಕ್ಕೆ ಸೇರುವುದಿಲ್ಲ. ಮೂಲದಲ್ಲಿ ತೆರಿಗೆ ಕಡಿತಕ್ಕೆ ಬದ್ಧರಾದವರು ದುರಸ್ತಿ ಗುತ್ತಿಗೆಯ ಒಂದೇ ಪಾವತಿ ರೂ. 30,000 ಅಥವಾ ವರ್ಷದ ಒಟ್ಟು ಪಾವತಿ ರೂ. 1,00,000 ಮೀರಿದಾಗ ವ್ಯಕ್ತಿಗಳಿಗೆ ಶೇ. 1, ಸಂಸ್ಥೆಗಳಿಗೆ ಶೇ. 2 ಕಡಿತ ಮಾಡಬೇಕು. 1961ರ ಕಾಯ್ದೆಯ ಈ ಮೂಲ ತತ್ವಗಳನ್ನು 2025ರ ಹೊಸ ಆದಾಯ ತೆರಿಗೆ ಕಾಯ್ದೆಯೂ ಉಳಿಸಿಕೊಂಡಿದೆ. ಕಲಮುಗಳ ಸಂಖ್ಯೆ ಮಾತ್ರ ಬೇರೆ.

ದುರಸ್ತಿಗಾರನು ಉದ್ಯಮ್ ನೋಂದಣಿ ಪಡೆದ ಕಿರು ಅಥವಾ ಸಣ್ಣ ಉದ್ಯಮಿಯಾಗಿದ್ದರೆ, ಲಿಖಿತ ಒಪ್ಪಂದವಿಲ್ಲದಿದ್ದಲ್ಲಿ 15 ದಿನ, ಒಪ್ಪಂದವಿದ್ದಲ್ಲಿ ಗರಿಷ್ಠ 45 ದಿನಗಳೊಳಗೆ ಆತನ ಬಿಲ್ಲನ್ನು ಪಾವತಿಸಬೇಕು. ತಡವಾದರೆ ಆ ವೆಚ್ಚವು ಹಣ ಪಾವತಿಸಿದ ವರ್ಷದಲ್ಲಿ ಮಾತ್ರ ಕಳೆಯಲು ಬರುತ್ತದೆ. “ಜಾತ್ರೆ ಕಳೆಯಲಿ, ಮಳೆ ಬರಲಿ” ಎಂದು ಮೆಕ್ಯಾನಿಕ್‌ನನ್ನು ಸತಾಯಿಸುವ ಅಭ್ಯಾಸ ಇನ್ನು ವರ್ತಕರಿಗೇ ದುಬಾರಿ.

ವಾರ್ಷಿಕ ನಿರ್ವಹಣಾ ಒಪ್ಪಂದ

ಮಂಗಳೂರಿನಿಂದ ಪುತ್ತೂರು ಸುಮಾರು 50 ಕಿ.ಮೀ. ಸುಳ್ಯ, ಕಡಬ, ಸುಬ್ರಹ್ಮಣ್ಯ ಇನ್ನೂ ಆಚೆ. ಬಿಡಿಭಾಗ ಮಂಗಳೂರಿನಿಂದ ಬರಬೇಕಾದಾಗ ಒಂದು ದಿನದ ಕೆಲಸ ಮೂರು ದಿನಕ್ಕೆ ಎಳೆಯುತ್ತದೆ. ಆದುದರಿಂದ ಇಲ್ಲಿ ಒಪ್ಪಂದದ ದರಕ್ಕಿಂತಲೂ ಷರತ್ತು ಮುಖ್ಯ. ಬಿಡಿಭಾಗ ಸಹಿತವೇ, ರಹಿತವೇ? ಗ್ಯಾಸ್ ಸೇರಿದೆಯೇ? ವರ್ಷಕ್ಕೆ ಎಷ್ಟು ಭೇಟಿ? ದೂರು ಕೊಟ್ಟ ಎಷ್ಟು ಗಂಟೆಯೊಳಗೆ ಬರುತ್ತಾರೆ? ಸಿಡಿಲು, ವೋಲ್ಟೇಜ್ ಏರುಪೇರಿನಿಂದ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟರೆ ಹೊಣೆ ಯಾರದು? ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಈ ಪ್ರದೇಶದಲ್ಲಿ ಕೊನೆಯ ಪ್ರಶ್ನೆ ಅತಿ ಮುಖ್ಯ. ಒಪ್ಪಂದದ ಅವಧಿ ಎರಡು ಆರ್ಥಿಕ ವರ್ಷಗಳಿಗೆ ವ್ಯಾಪಿಸಿದ್ದರೆ, ಮರ್ಕಂಟೈಲ್ ಪದ್ಧತಿಯಲ್ಲಿ ಲೆಕ್ಕವಿಡುವವರು ಶುಲ್ಕವನ್ನು ತಿಂಗಳುಗಳಿಗೆ ಅನುಗುಣವಾಗಿ ಹಂಚಬೇಕು.

ಮಳೆಗಾಲ ಮುಗಿದ ಮೇಲೆ ಒಂದು, ಜನವರಿ ಅಥವಾ ಫೆಬ್ರವರಿಯಲ್ಲಿ ಇನ್ನೊಂದು ಸರ್ವಿಸ್ ಆಗುವುದು ಈ ಪ್ರದೇಶಕ್ಕೆ ಸೂಕ್ತ. ನಾಲ್ಕು ತಿಂಗಳ ಮಳೆಯಲ್ಲಿ ಮುಚ್ಚಿಟ್ಟ ಯಂತ್ರದೊಳಗೆ ಬೂಷ್ಟು ಬೆಳೆಯುತ್ತದೆ, ಹೊರಗಿನ ಘಟಕದಲ್ಲಿ ಇರುವೆ, ಹಲ್ಲಿ ಸೇರುತ್ತವೆ, ಇಲಿ ತಂತಿ ಕಡಿಯುತ್ತದೆ. ಒಂದೇ ಬೀದಿಯ ಐದಾರು ಅಂಗಡಿಯವರು ಸೇರಿ ಒಂದೇ ದಿನ ಸರ್ವಿಸ್ ಗೊತ್ತುಪಡಿಸಿದರೆ ಪ್ರಯಾಣ ವೆಚ್ಚ ಹಂಚಿಹೋಗುತ್ತದೆ. ಬೆಳ್ಳಾರೆ, ಗುತ್ತಿಗಾರು, ನೆಲ್ಯಾಡಿಯಂತಹ ಪೇಟೆಗಳಿಗೆ ಇದು ಹೆಚ್ಚು ಉಪಯುಕ್ತ.

ಬಿಸಿನೀರಿನ ಲೆಕ್ಕ

ಈ ಪ್ರದೇಶದಲ್ಲಿ ಕೋಣೆಯನ್ನು ಬೆಚ್ಚಗಿಡುವ ಅಗತ್ಯವಿಲ್ಲ. ಶಾಖದ ಅಗತ್ಯ ಇರುವುದು ಬಚ್ಚಲುಮನೆಯಲ್ಲಿ. ತೋಟದ ಮನೆಗಳಲ್ಲಿ ಅಡಿಕೆ ಸೋಗೆ, ತೆಂಗಿನ ಸಿಪ್ಪೆ ಉರಿಸುವ ಹಂಡೆಗೆ ಇಂದಿಗೂ ಸರಿಸಾಟಿಯಿಲ್ಲ. ಪೇಟೆಯ ವಸತಿಗೃಹಕ್ಕೆ ಅದು ಸಾಧ್ಯವಿಲ್ಲ. 100 ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಏರಿಸಲು ಸುಮಾರು 3.5 ಯೂನಿಟ್ ಬೇಕು. ದಿನಕ್ಕೆ 1,000 ಲೀಟರ್ ಬಳಸುವ ವಸತಿಗೃಹಕ್ಕೆ 35 ಯೂನಿಟ್, ಅಂದರೆ ರೂ. 280. ಸೌರ ಜಲತಾಪಕದ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಸವಕಳಿ ದರವೂ ಶೇ. 40. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಾಗ ಅದನ್ನೇ ನಂಬುವಂತಿಲ್ಲ. ಆ ನಾಲ್ಕು ತಿಂಗಳಿಗೆ ಹೀಟ್ ಪಂಪ್ ಒಂದು ಪರ್ಯಾಯ. ಏ.ಸಿ.ಯ ತತ್ವದಲ್ಲಿಯೇ ಕೆಲಸ ಮಾಡುವ ಇದು ಹೊರಗಿನ ಗಾಳಿಯ ಶಾಖವನ್ನು ನೀರಿಗೆ ಸಾಗಿಸುತ್ತದೆ. ಗೀಸರಿನ ಸುಮಾರು ಮೂರನೆಯ ಒಂದು ಭಾಗದಷ್ಟು ವಿದ್ಯುತ್ ಇದಕ್ಕೆ ಸಾಕು. 35ರ ಬದಲು 12 ಯೂನಿಟ್ ಎಂದಾದರೆ 120 ದಿನಗಳಲ್ಲಿ ಉಳಿಯುವುದು ಸುಮಾರು ರೂ. 22,000. ದುರಸ್ತಿಗೆ ಬೇಕಾದ ಪರಿಣತಿಯೂ ಬಹುಮಟ್ಟಿಗೆ ಏ.ಸಿ. ಮೆಕ್ಯಾನಿಕ್‌ನದ್ದೇ.

ದುರಸ್ತಿಗಾರರ ಕೈಯಲ್ಲಿರುವ ಅವಕಾಶ

ಈ ಮೂರು ತಾಲೂಕುಗಳಲ್ಲಿ ಬೈಕಿನಲ್ಲಿ ಉಪಕರಣ ಹೊತ್ತು ಊರೂರು ತಿರುಗುವ ದುರಸ್ತಿಗಾರರೂ ಉದ್ಯಮಿಗಳೇ. ವಾರ್ಷಿಕ ವಹಿವಾಟು ರೂ. 20 ಲಕ್ಷದೊಳಗಿದ್ದರೆ ಅವರಿಗೆ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿ ಬೇಡ ಎಂದ ಮಾತ್ರಕ್ಕೆ ಬಿಲ್ಲು ಬೇಡ ಎಂದಲ್ಲ. ಹೆಸರು, ದಿನಾಂಕ, ಕೆಲಸದ ವಿವರ, ಮೊತ್ತ ನಮೂದಿಸಿದ ಸಾದಾ ಬಿಲ್ಲು ಗ್ರಾಹಕರ ಆದಾಯ ತೆರಿಗೆಗೆ ಆಧಾರವಾಗುತ್ತದೆ. ನೋಂದಣಿಯಿಲ್ಲದೆ ಬಿಲ್ಲಿನಲ್ಲಿ ಜಿ.ಎಸ್.ಟಿ. ವಸೂಲು ಮಾಡುವುದು ಮಾತ್ರ ಅಪರಾಧ. ರೂ. 50 ಲಕ್ಷದೊಳಗಿನ ಸೇವಾದಾರರಿಗೆ ಶೇ. 6ರ ರಾಜಿ ತೆರಿಗೆಯ ಆಯ್ಕೆಯಿದೆ. ಆದರೆ ಅವರ ಬಿಲ್ಲಿನಿಂದ ಗ್ರಾಹಕರಿಗೆ ಜಮೆ ಸಿಗದು. ದೊಡ್ಡ ಮಳಿಗೆ, ಕಾರ್ಖಾನೆಗಳ ಗುತ್ತಿಗೆ ಬಯಸುವವರು ಸ್ವಯಂಪ್ರೇರಿತವಾಗಿ ಸಾಮಾನ್ಯ ನೋಂದಣಿ ಪಡೆಯುವುದನ್ನು ಪರಿಶೀಲಿಸಬಹುದು.

ಬಿಲ್ಲು ಬರೆದು ಬ್ಯಾಂಕಿನ ಮೂಲಕ ಹಣ ಪಡೆಯುವ ದುರಸ್ತಿಗಾರನಿಗೆ ಎರಡು ವರ್ಷದಲ್ಲಿ ವಹಿವಾಟಿನ ದಾಖಲೆ ಬೆಳೆಯುತ್ತದೆ. ನಿರ್ವಾತ ಪಂಪ್, ಗ್ಯಾಸ್ ಮರುಸಂಗ್ರಹ ಯಂತ್ರ, ಬಿಡಿಭಾಗದ ಸಣ್ಣ ದಾಸ್ತಾನಿಗೆ ಮುದ್ರಾ ಸಾಲ ಕೇಳಲು ಬ್ಯಾಂಕು ಮೊದಲು ನೋಡುವುದು ಅದನ್ನೇ. ದಾಖಲೆಯಿಲ್ಲದವನು ಎಷ್ಟೇ ನಿಪುಣನಾದರೂ ಏಪ್ರಿಲ್‌ನ ದುಡಿಮೆಯಲ್ಲಿ ಮಳೆಗಾಲ ಕಳೆಯುವುದರಲ್ಲಿಯೇ ಉಳಿಯುತ್ತಾನೆ. ಆತ ಕೆಲಸ ಬಿಟ್ಟು ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಕ್ಕೋ ಹೊರಟರೆ ಅದರ ನಷ್ಟ ಸ್ಥಳೀಯ ವರ್ತಕರದ್ದೇ.

ಪ್ರತಿಯೊಂದು ಯಂತ್ರಕ್ಕೂ ಒಂದು ಪುಟ ತೆರೆದು ಖರೀದಿಯ ದಿನಾಂಕ, ಬೆಲೆ, ಗ್ಯಾಸಿನ ಹೆಸರು, ವಾರಂಟಿ ಅವಧಿ, ಪ್ರತಿ ದುರಸ್ತಿಯ ವೆಚ್ಚ ಹಾಗೂ ಅಂದಾಜು ಬಳಕೆಯ ಗಂಟೆಯನ್ನು ಬರೆದಿಡುವುದು ದೊಡ್ಡ ಶ್ರಮವೇನಲ್ಲ. ಮಳೆ ನಿಂತ ಬಳಿಕದ ಸರ್ವಿಸ್‌ನ ದಿನವೇ ಆ ಪುಟವನ್ನು ತೆರೆದು ಲೆಕ್ಕ ಹಾಕಿದರೆ, ಬದಲಾಯಿಸಬೇಕಾದ ಯಂತ್ರವನ್ನು ಬೇಡಿಕೆ ಕಡಿಮೆಯಿರುವ ತಿಂಗಳಿನಲ್ಲಿ ಚೌಕಾಸಿ ಮಾಡಿ ಕೊಳ್ಳಬಹುದು, ಉಳಿಸಿಕೊಳ್ಳಬೇಕಾದುದನ್ನು ನೆಮ್ಮದಿಯಿಂದ ದುರಸ್ತಿ ಮಾಡಿಸಬಹುದು. ಏಪ್ರಿಲ್ ತಿಂಗಳಿನ ಸೆಕೆಗೆ ಈ ತೀರ್ಮಾನವನ್ನು ಬಿಟ್ಟುಕೊಡದಿರುವುದೇ ವ್ಯಾಪಾರಸ್ಥರಿಗೆ ಹಿತ.